ಕಪ್ಪು ಬಿಯರ್‌ಗೆ ಬದಲಿ ಧಾನ್ಯ: ಏನು ಕೆಟ್ಟಿತು, ಎಲ್ಲಿ ಕೆಟ್ಟಿತು, ಹೇಗೆ ಸರಿಮಾಡುವುದು

ಸ್ಟೌಟ್ ಎಂಬ ಕಪ್ಪು ಬಿಯರ್‌ಗೆ ರೋಸ್ಟೆಡ್ ಬಾರ್ಲಿ (ಮೊಳಕೆ ಬರಿಸದೆ ಹುರಿದ ಬಾರ್ಲಿ) ಬೇಕು, ಕೈಲಿರುವುದು ಬ್ಲ್ಯಾಕ್ ಮಾಲ್ಟ್ (ಮಾಲ್ಟ್, ಅಂದರೆ ಮೊಳಕೆ ಬರಿಸಿ ಒಣಗಿಸಿದ ಧಾನ್ಯವನ್ನು ಕಪ್ಪಾಗುವಂತೆ ಹುರಿದದ್ದು). ಎರಡೂ ಕಪ್ಪೇ ಅಲ್ಲವೇ ಎಂದು ಅಷ್ಟೇ ತೂಕ ಸುರಿದರೆ ಬಣ್ಣವೇನೋ ಬರುತ್ತದೆ, ಜೊತೆಗೆ ನಾಲಗೆಯ ಮೇಲೆ ಬೂದಿಯಂಥ ಕಹಿಯೂ ಉಳಿಯುತ್ತದೆ. ಬದಲಿ ಧಾನ್ಯದಿಂದ ಹುಟ್ಟುವ ದೋಷಗಳಲ್ಲಿ ಹೆಚ್ಚಿನವು ಈ ಬಗೆಯವೇ. ಸಿಗದ ಧಾನ್ಯ ಮಾಡುತ್ತಿದ್ದ ಒಂದು ಕೆಲಸವನ್ನು ಸರಿದೂಗಿಸಿ, ಉಳಿದ ಕೆಲಸಗಳನ್ನು ಮರೆತಿರುತ್ತೇವೆ.

ಧಾನ್ಯದಿಂದ ಬರುವುದು ಬಣ್ಣ ಮಾತ್ರವಲ್ಲ. ಹುರಿದ ರುಚಿ ಅಥವಾ ಕ್ಯಾರಮೆಲ್ ರುಚಿ, ಹುದುಗುವ ಸಕ್ಕರೆ, ಪಿಷ್ಟವನ್ನು ಸಕ್ಕರೆಯಾಗಿಸುವ ಕಿಣ್ವ, ಬಾಯಿಗೆ ಸಿಗುವ ಮಂದತನ, ನೊರೆ ಎಲ್ಲವೂ ಅದರಿಂದಲೇ. ಇವಲ್ಲದೆ ಕಪ್ಪು ಧಾನ್ಯ ಮ್ಯಾಶ್‌ನ (ಬಿಸಿನೀರಿನಲ್ಲಿ ನೆನೆಯಲು ಬಿಟ್ಟ ಧಾನ್ಯದ) ಪಿಎಚ್ ಅನ್ನೂ ಇಳಿಸುತ್ತದೆ, ಅಂದರೆ ಆಮ್ಲ ಏರಿಸುತ್ತದೆ; ಸದ್ದಿಲ್ಲದೆ ಹೆಚ್ಚು ಬಿಯರ್ ಕೆಡಿಸುವುದು ಇದೇ. ಆದ್ದರಿಂದ ಬಿಯರ್ ಕೆಟ್ಟಾಗ ಕೇಳಬೇಕಾದದ್ದು 'ಯಾವ ಧಾನ್ಯ ಇಲ್ಲ' ಎಂದಲ್ಲ, 'ಯಾವ ಕೆಲಸ ಆಗಿಲ್ಲ' ಎಂದು.

ಮುಂದಿನ ಲೆಕ್ಕಗಳಿಗೆಲ್ಲ 20 ಲೀಟರ್ ಡ್ರೈ ಸ್ಟೌಟ್ ಒಂದನ್ನು ಆಧಾರವಾಗಿ ಇಟ್ಟುಕೊಳ್ಳೋಣ: ಪೇಲ್ ಮಾಲ್ಟ್ (ತಿಳಿ ಬಣ್ಣದ ಮೂಲ ಮಾಲ್ಟ್) 3 ಕೆ.ಜಿ., ಬಾರ್ಲಿ ಫ್ಲೇಕ್ಸ್ (ಚಪ್ಪಟೆ ಮಾಡಿದ ಕಾಳು) 850 ಗ್ರಾಂ, ರೋಸ್ಟೆಡ್ ಬಾರ್ಲಿ 400 ಗ್ರಾಂ. ಶೇ. 75ರ ದಕ್ಷತೆಯಲ್ಲಿ, ಅಂದರೆ ಧಾನ್ಯದಿಂದ ಬರಬಹುದಾದ ಸಕ್ಕರೆಯಲ್ಲಿ ಅಷ್ಟು ರಸಕ್ಕೆ ಇಳಿದಾಗ, ಇದರ ಆರಂಭಿಕ ಗುರುತ್ವ (ಹುದುಗುವ ಮೊದಲು ನೀರಿಗೆ ಹೋಲಿಸಿದ ರಸದ ಸಾಂದ್ರತೆ) ಸುಮಾರು 1.045, ಬಣ್ಣ ಸುಮಾರು 32 ಎಸ್‌ಆರ್‌ಎಂ (ಬಿಯರ್ ಬಣ್ಣದ ಅಳತೆ).

ಮೊದಲು ಚೀಲದ ಮೇಲಿನ ಸಂಖ್ಯೆ ನೋಡಿ

ಬಣ್ಣ ಲೆಕ್ಕಕ್ಕೆ ಸಿಗದಷ್ಟು ಹೆಚ್ಚುಕಡಿಮೆಯಾಗಿದ್ದರೆ ಬೇರೇನನ್ನೂ ಹುಡುಕುವ ಮೊದಲು ಅಳತೆಯ ಮಾನವನ್ನು ಪರೀಕ್ಷಿಸಿ. ಅಮೆರಿಕದ ಮಾಲ್ಟ್ ಚೀಲದ ಮೇಲೆ ಬಣ್ಣವನ್ನು ಲೊವಿಬಾಂಡ್‌ನಲ್ಲಿ ಬರೆದಿರುತ್ತಾರೆ, ಯುರೋಪಿನದ್ದರ ಮೇಲೆ ಇಬಿಸಿಯಲ್ಲಿ. ಲೊವಿಬಾಂಡ್ ಸಂಖ್ಯೆಯನ್ನು 2.65ರಿಂದ ಗುಣಿಸಿ 1.2 ಕಳೆದರೆ ಇಬಿಸಿ ಸಿಗುತ್ತದೆ. 450 ಲೊವಿಬಾಂಡ್‌ನ ಚಾಕೊಲೇಟ್ ಮಾಲ್ಟ್ ಎಂದರೆ ಹತ್ತಿರ ಹತ್ತಿರ 1,190 ಇಬಿಸಿ. 220 ಲೊವಿಬಾಂಡ್‌ನ ಪೇಲ್ ಚಾಕೊಲೇಟ್ ಮಾಲ್ಟ್ 580 ಇಬಿಸಿ. ರೆಸಿಪಿಯಲ್ಲಿ 450 ಎಂದಿದೆ, ಚೀಲದಲ್ಲಿ 580 ಎಂದಿದೆ, ಇದು ಇನ್ನೂ ಕಡು ಎಂದುಕೊಂಡು ತೂಕ ಇಳಿಸಿದರೆ ಬಿಯರ್ ಕಂದು ನೀರಾಗುತ್ತದೆ.

ಲೊವಿಬಾಂಡ್‌ನಲ್ಲಿ ಅಂದಾಜು ಬಣ್ಣಗಳು ಹೀಗಿವೆ. ತಯಾರಕರಿಂದ ತಯಾರಕರಿಗೆ ಬದಲಾಗುತ್ತವೆ, ಆದ್ದರಿಂದ ಚೀಲದ ಮೇಲಿನದ್ದೇ ಅಂತಿಮ.

ಪೇಲ್ ಮಾಲ್ಟ್: 2–3
ವಿಯೆನ್ನಾ: 3–4
ಮ್ಯೂನಿಕ್: 6–10
ಆಂಬರ್ ಮಾಲ್ಟ್: 20–35
ಬ್ರೌನ್ ಮಾಲ್ಟ್: 50–70
ಪೇಲ್ ಚಾಕೊಲೇಟ್: 200–220
ಚಾಕೊಲೇಟ್: 350–450
ಕರಾಫಾ ಸ್ಪೆಷಲ್ 2: 415–430
ರೋಸ್ಟೆಡ್ ಬಾರ್ಲಿ: 300–550
ಬ್ಲ್ಯಾಕ್ ಮಾಲ್ಟ್: 500–550

ರೋಸ್ಟೆಡ್ ಬಾರ್ಲಿಯ ಮುಂದಿರುವ ಅಂತರ ನೋಡಿ. 300ರದ್ದೂ 550ರದ್ದೂ ಒಂದೇ ಹೆಸರಿನಲ್ಲಿ ಮಾರಾಟವಾಗುತ್ತವೆ. ಹೆಸರು ಸರಿಯಾಗಿದ್ದೂ ಬಣ್ಣ ಬಾರದಿರಲು ಇದು ದೊಡ್ಡ ಕಾರಣ.

ಸ್ಟೌಟ್ ಕಪ್ಪಾಗಲಿಲ್ಲ

ಗ್ಲಾಸನ್ನು ಬೆಳಕಿಗೆ ಹಿಡಿದಾಗ ಅಂಚಿನಲ್ಲಿ ಮಾಣಿಕ್ಯದ ಕೆಂಪು ಕಂಡರೆ ಅದು ದೋಷವಲ್ಲ; ಒಳ್ಳೆಯ ಸ್ಟೌಟ್ ಹಾಗೇ ಇರಬೇಕು. ನಡುಭಾಗದಲ್ಲೂ ಬೆಳಕು ಹಾಯ್ದು ಕಂದು ಕಂಡರೆ ಲೆಕ್ಕ ತಪ್ಪಿದೆ.

ಲೆಕ್ಕ ಸುಲಭ. ಪ್ರತಿ ಧಾನ್ಯದ ಕೆ.ಜಿ. ತೂಕವನ್ನು ಅದರ ಲೊವಿಬಾಂಡ್‌ನಿಂದ ಗುಣಿಸಿ ಎಲ್ಲವನ್ನೂ ಕೂಡಿ, 8.345ರಿಂದ ಗುಣಿಸಿ, ಲೀಟರ್‌ಗಳಿಂದ ಭಾಗಿಸಿ. ಬಂದ ಸಂಖ್ಯೆಯನ್ನು 0.6859ರ ಘಾತಕ್ಕೆ ಏರಿಸಿ 1.4922ರಿಂದ ಗುಣಿಸಿದರೆ ಎಸ್‌ಆರ್‌ಎಂ. ನಮ್ಮ ರೆಸಿಪಿಯಲ್ಲಿ 500 ಲೊವಿಬಾಂಡ್‌ನ ರೋಸ್ಟೆಡ್ ಬಾರ್ಲಿ ಹಾಕಿದರೆ 32 ಬರುತ್ತದೆ. ಅದೇ 400 ಗ್ರಾಂ ಜಾಗದಲ್ಲಿ 400ರ ಚಾಕೊಲೇಟ್ ಮಾಲ್ಟ್ ಹಾಕಿದರೆ 28. 220ರ ಪೇಲ್ ಚಾಕೊಲೇಟ್ ಹಾಕಿದರೆ 19, ಅಂದರೆ ಸ್ಟೌಟ್ ಅಲ್ಲ, ಬ್ರೌನ್ ಏಲ್.

ಬದಲಿಯ ತೂಕ ಹುಡುಕಲು ಇಷ್ಟೆಲ್ಲ ಬೇಕಿಲ್ಲ. ತೂಕ ಗುಣಿಸು ಬಣ್ಣ ಎರಡೂ ಕಡೆ ಸಮವಾದರೆ ಸಾಕು. 0.4 ಕೆ.ಜಿ. ಗುಣಿಸು 500 ಎಂದರೆ 200. ಈ 200 ಅನ್ನು ಪೇಲ್ ಚಾಕೊಲೇಟ್ ಒಂದರಿಂದಲೇ ತರಬೇಕಾದರೆ 900 ಗ್ರಾಂಗಿಂತ ಹೆಚ್ಚು ಬೇಕು. ಒಟ್ಟು ಧಾನ್ಯದ ಐದನೇ ಒಂದು ಭಾಗವೇ ಹುರಿದ ಮಾಲ್ಟ್ ಆಗಿ ರುಚಿ ಕೈಬಿಡುತ್ತದೆ. ಬದಲಿಗೆ 250 ಗ್ರಾಂ ಚಾಕೊಲೇಟ್ (400) ಮತ್ತು 190 ಗ್ರಾಂ ಬ್ಲ್ಯಾಕ್ (530) ಬೆರೆಸಿ. ಎರಡರಿಂದಲೂ ನೂರು ನೂರು ಬಂದು ಲೆಕ್ಕ ಕೂಡುತ್ತದೆ. ಚಾಕೊಲೇಟ್ ಮಾಲ್ಟ್ ಕಾಫಿಯ ಪರಿಮಳ ಕೊಡುತ್ತದೆ, ಬ್ಲ್ಯಾಕ್ ಮಾಲ್ಟ್ ಒಣ ಕಹಿ ಕೊಡುತ್ತದೆ. ರೋಸ್ಟೆಡ್ ಬಾರ್ಲಿ ಸಿಗದಾಗ ಒಂದೇ ಧಾನ್ಯಕ್ಕಿಂತ ಈ ಜೋಡಿಯೇ ವಾಸಿ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಈಗಾಗಲೇ ಹುದುಗುತ್ತಿರುವ ಬಿಯರ್‌ಗೆ ಬಣ್ಣ ಮಾತ್ರ ಕಡಿಮೆಯಿದ್ದರೆ ಸಿನಮಾರ್‌ನಂಥ ಮಾಲ್ಟ್ ಬಣ್ಣದ ದ್ರಾವಣ ಸೇರಿಸಬಹುದು. ಅದರಿಂದ ರುಚಿ ಹೆಚ್ಚು ಬದಲಾಗುವುದಿಲ್ಲ.

ಬೂದಿ, ಸೀದ ಕಹಿ, ಒಗರು

ಈ ಮೂರನ್ನೂ ಒಟ್ಟಿಗೆ 'ಕಹಿ' ಎಂದುಬಿಟ್ಟರೆ ಕಾರಣ ಸಿಗುವುದಿಲ್ಲ. ಒಂದು ಗುಟುಕು ಕುಡಿದು ಮೂವತ್ತು ಸೆಕೆಂಡು ಸುಮ್ಮನಿರಿ. ನಾಲಗೆಯ ಹಿಂಭಾಗದಲ್ಲಿ ಸೀದ ರೊಟ್ಟಿಯ ಕಹಿ ಉಳಿದರೆ ಹುರಿದ ಧಾನ್ಯ ಅತಿಯಾಗಿದೆ ಅಥವಾ ಅತಿ ನುಣ್ಣಗೆ ಬೀಸಲಾಗಿದೆ. ಕೆನ್ನೆಯ ಒಳಗೆ, ಒಸಡಿನ ಮೇಲೆ ಎಳೆ ಬಾಳೆಕಾಯಿ ಕಚ್ಚಿದಂತೆ ಬಿಗಿದರೆ ಅದು ಒಗರು. ಸಿಪ್ಪೆಯಿಂದ ಟ್ಯಾನಿನ್ ಇಳಿದಿದೆ. ನಾಲಗೆಯ ಅಂಚು ಚುರುಗುಟ್ಟಿ ಬಾಯಿ ತೆಳುವೆನಿಸಿದರೆ ಪಿಎಚ್ ಇಳಿದಿದೆ. ಅದರ ವಿಷಯ ಮುಂದಿನ ಭಾಗದಲ್ಲಿದೆ.

ಸೀದ ಕಹಿಗೆ ಬ್ಲ್ಯಾಕ್ ಮಾಲ್ಟ್ ಮೊದಲ ಶಂಕಿತ. ಒಟ್ಟು ಧಾನ್ಯದಲ್ಲಿ ಅದು ಶೇ. 5 ದಾಟಿದರೆ ಹೆಚ್ಚಿನವರ ಬಾಯಿಗೆ ಬೂದಿ ತಾಗತೊಡಗುತ್ತದೆ. ಮುಂದಿನ ಸಲ ಅದರ ಅರ್ಧವನ್ನಾದರೂ ಸಿಪ್ಪೆ ತೆಗೆದು ಹುರಿದ ಕರಾಫಾ ಸ್ಪೆಷಲ್ 3 ಅಥವಾ ಸಿಪ್ಪೆಯೇ ಇಲ್ಲದ ಕಪ್ಪು ಗೋಧಿ ಮಾಲ್ಟ್‌ಗೆ ಬದಲಿಸಿ. ಬಣ್ಣ ಹೆಚ್ಚುಕಡಿಮೆ ಒಂದೇ, ತೂಕ ಬದಲಿಸಬೇಕಿಲ್ಲ. ಹೆಸರಿನಲ್ಲಿ 'ಸ್ಪೆಷಲ್' ಇದೆಯೇ ಎಂದು ನೋಡಿಕೊಳ್ಳಿ. ಬರಿಯ ಕರಾಫಾಗೆ ಸಿಪ್ಪೆ ಇರುತ್ತದೆ.

ಬೀಸುವಿಕೆಯನ್ನೂ ಪರೀಕ್ಷಿಸಿ. ಹುರಿದ ಕಾಳು ಗರಿಗರಿ, ಪೇಲ್ ಮಾಲ್ಟ್‌ಗೆ ಇಟ್ಟ ಗಿರಣಿಯ ಅಂತರದಲ್ಲೇ ಪುಡಿಪುಡಿಯಾಗುತ್ತದೆ. ಕಾಳು ಎರಡು ಮೂರು ಹೋಳಾದರೆ ಸಾಕು. ಬಣ್ಣ ಬೇಗ ಬರಲಿ ಎಂದು ಕಾಫಿ ಯಂತ್ರದಲ್ಲಿ ನುಣ್ಣಗೆ ಪುಡಿ ಮಾಡಿ ಒಂದು ಗಂಟೆ ಮ್ಯಾಶ್‌ನಲ್ಲಿಟ್ಟರೆ ಕಹಿ ಪೂರ್ತಿ ಇಳಿಯುತ್ತದೆ.

ಒಗರಿಗೆ ಧಾನ್ಯಕ್ಕಿಂತ ಹೆಚ್ಚಾಗಿ ಧಾನ್ಯ ತೊಳೆಯುವ ನೀರು ಕಾರಣ. ನೀರಿನ ಬಿಸಿ 77 ಡಿಗ್ರಿ ಸೆಲ್ಸಿಯಸ್ ದಾಟಿದೆಯೇ, ಹರಿದು ಬರುವ ರಸದ ಗುರುತ್ವ 1.010ಕ್ಕಿಂತ ಕೆಳಗಿಳಿದ ಮೇಲೂ ತೊಳೆಯುತ್ತಲೇ ಇದ್ದಿರೇ, ಆ ಹೊತ್ತಿನಲ್ಲಿ ಪಿಎಚ್ 6ಕ್ಕೆ ಏರಿತ್ತೇ? ಬದಲಿ ಧಾನ್ಯದಿಂದ ಸಕ್ಕರೆ ಕಡಿಮೆ ಬಂತೆಂದು ಇನ್ನಷ್ಟು ನೀರು ಸುರಿದು ಹಿಂಡುವುದು ಸಾಮಾನ್ಯ. ಅಲ್ಲಿ ಗುರುತ್ವದ ತೊಂದರೆ ಒಗರಿನ ತೊಂದರೆಯಾಗಿ ಬದಲಾಗುತ್ತದೆ.

ಆಗಿಹೋದ ಬಿಯರ್‌ಗೆ ಏನು ಮಾಡಬಹುದು? ಒಗರಿದ್ದರೆ ಜೆಲಟಿನ್ ಹಾಕಿ ತಣ್ಣಗಿಟ್ಟರೆ ಒಂದಷ್ಟು ಟ್ಯಾನಿನ್ ತಳಕ್ಕೆ ಕೂರುತ್ತದೆ. ಸೀದ ಕಹಿಯನ್ನು ತೆಗೆಯುವ ವಸ್ತುವಿಲ್ಲ. ನಾಲ್ಕರಿಂದ ಎಂಟು ವಾರ ಇಟ್ಟರೆ ಮೊನಚು ಕೊಂಚ ತಗ್ಗುತ್ತದೆ. ಇಲ್ಲವಾದರೆ ಸಿಹಿಯಾದ, ಹುರಿದ ರುಚಿ ಕಡಿಮೆಯಿರುವ ಇನ್ನೊಂದು ಬಿಯರ್ ಜೊತೆ ಬೆರೆಸಬೇಕು.

ಹುಳಿ: ಪಿಎಚ್‌ನದ್ದೋ, ಸೋಂಕಿನದ್ದೋ

ಬದಲಿ ಧಾನ್ಯದ ಮಾತು ಬಂದಾಗ ಜನ ಬಣ್ಣ ಲೆಕ್ಕ ಹಾಕುತ್ತಾರೆ, ಪಿಎಚ್ ಲೆಕ್ಕ ಹಾಕುವುದಿಲ್ಲ. ಬಟ್ಟಿ ಇಳಿಸಿದ ನೀರಿನಲ್ಲಿ ಪೇಲ್ ಮಾಲ್ಟ್ ಮಾತ್ರ ಮ್ಯಾಶ್ ಮಾಡಿದರೆ ಪಿಎಚ್ 5.6–5.8ರಲ್ಲಿ ನಿಲ್ಲುತ್ತದೆ. ಹುರಿದ ಧಾನ್ಯ ಮಾತ್ರ ಹಾಕಿದರೆ 4.4–4.7ಕ್ಕೆ ಇಳಿಯುತ್ತದೆ. ಕ್ರಿಸ್ಟಲ್ ಮಾಲ್ಟ್ (ಒದ್ದೆಯಿರುವಾಗಲೇ ಬಿಸಿ ಮಾಡಿ ಕಾಳಿನೊಳಗೇ ಸಕ್ಕರೆ ಆಗಿಸಿ ಹುರಿದದ್ದು) ಕೂಡ ಆಮ್ಲೀಯವೇ. ಅದರ ಬಣ್ಣ ಕಡುವಾದಷ್ಟೂ ಆಮ್ಲ ಹೆಚ್ಚು. ಹುರಿದ ಧಾನ್ಯದ ತೂಕ ಏರಿದಂತೆ ಆಮ್ಲವೂ ಏರುವುದರಿಂದ, ಪೇಲ್ ಚಾಕೊಲೇಟ್ ದುಪ್ಪಟ್ಟು ಹಾಕಿ ಬಣ್ಣ ಸರಿದೂಗಿಸಿದಾಗ ಬಣ್ಣ ಅಷ್ಟೇ ಇದ್ದರೂ ಆಮ್ಲ ಏರಬಹುದು. ಮೆದು ನೀರಿನಲ್ಲಿ, ಅದರಲ್ಲೂ ಆರ್‌ಒ ನೀರಿನಲ್ಲಿ, ಇದನ್ನು ತಡೆಯುವ ಬೈಕಾರ್ಬೊನೇಟ್ ಇರುವುದಿಲ್ಲ.

ಅಳೆಯುವ ಕ್ರಮ: ಮ್ಯಾಶ್ ಶುರುವಾಗಿ 10–15 ನಿಮಿಷದ ನಂತರ ಚಮಚದಷ್ಟು ರಸ ತೆಗೆದು 25 ಡಿಗ್ರಿಗೆ ತಣಿಸಿ, ಆಮೇಲೆ ಮೀಟರ್ ಅದ್ದಿ. ಬಿಸಿ ರಸದಲ್ಲೇ ಅಳೆದರೆ 0.2–0.3 ಕಡಿಮೆ ತೋರುತ್ತದೆ, ಮೀಟರಿನ ಗಾಜಿನ ಮೊನೆಯೂ ಬೇಗ ಹಾಳಾಗುತ್ತದೆ. ಬಣ್ಣದ ಪಟ್ಟಿಗಳನ್ನು ಇಲ್ಲಿ ನಂಬಬೇಡಿ, ಕಪ್ಪು ರಸದಲ್ಲಿ ಓದಲಾಗುವುದಿಲ್ಲ. ತಣಿಸಿ ಅಳೆದಾಗ ಕಪ್ಪು ಬಿಯರ್‌ಗೆ 5.4–5.6 ಒಳ್ಳೆಯದು. 5.2ಕ್ಕಿಂತ ಕೆಳಗಿದ್ದರೆ ತಿದ್ದಿ.

ತಿದ್ದಲು ಅಡುಗೆ ಸೋಡಾ ಸಾಕು. 15 ಲೀಟರ್ ಮ್ಯಾಶ್ ನೀರಿಗೆ 2 ಗ್ರಾಂ ಹಾಕಿ, ಚೆನ್ನಾಗಿ ಕಲಸಿ, ಐದು ನಿಮಿಷ ಬಿಟ್ಟು ಮತ್ತೆ ಅಳೆಯಿರಿ. ಬೇಕಾದರೆ ಇನ್ನು 1 ಗ್ರಾಂ, ಮತ್ತೆ 1 ಗ್ರಾಂ. ಒಟ್ಟು 4 ಗ್ರಾಂನಲ್ಲಿ ನಿಲ್ಲಿಸಿ. ಅಷ್ಟರಲ್ಲೇ ಸೋಡಿಯಂ ಲೀಟರಿಗೆ 70 ಮಿ.ಗ್ರಾಂಗಿಂತ ಹೆಚ್ಚಾಗಿರುತ್ತದೆ, ಮುಂದೆ ಉಪ್ಪು ನಾಲಗೆಗೆ ಸಿಗುತ್ತದೆ. ಸೀಮೆಸುಣ್ಣದ ಪುಡಿ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್, ಮ್ಯಾಶ್‌ನಲ್ಲಿ ಸರಿಯಾಗಿ ಕರಗುವುದಿಲ್ಲ, ಅದನ್ನು ನೆಚ್ಚಿಕೊಳ್ಳಬೇಡಿ.

ಬಿಯರ್ ಆಗಿಹೋಗಿ ಹುಳಿ ಕಂಡರೆ ಮೊದಲು ಸೋಂಕನ್ನು ತಳ್ಳಿಹಾಕಬೇಕು. ಇಂದು ಪಿಎಚ್ ಮತ್ತು ಗುರುತ್ವ ಅಳೆದಿಡಿ, ವಾರ ಬಿಟ್ಟು ಮತ್ತೆ ಅಳೆಯಿರಿ. ಎರಡೂ ಇಳಿಯುತ್ತಲೇ ಇದ್ದರೆ, ಮೇಲೆ ಕೆನೆಯಂಥ ಪೊರೆ ಕಟ್ಟಿದ್ದರೆ, ಅದು ಸೋಂಕು, ಧಾನ್ಯದ ತಪ್ಪಲ್ಲ. ಎರಡೂ ನಿಂತಲ್ಲೇ ನಿಂತು ಪಿಎಚ್ 4ರ ಆಸುಪಾಸಿನಲ್ಲಿದ್ದರೆ ಅದು ಹುರಿದ ಧಾನ್ಯದ ಆಮ್ಲ. ಆಗ 1 ಗ್ರಾಂ ಅಡುಗೆ ಸೋಡಾವನ್ನು 100 ಮಿ.ಲೀ. ನೀರಿನಲ್ಲಿ ಕರಗಿಸಿ. ಗ್ಯಾಸ್ ಹೋದ 250 ಮಿ.ಲೀ. ಬಿಯರ್‌ಗೆ ಸಿರಿಂಜಿನಿಂದ ಒಂದೊಂದೇ ಮಿ.ಲೀ. ಹಾಕಿ ರುಚಿ ನೋಡಿ. ಗ್ಲಾಸಿನ ಪ್ರತಿ ಮಿ.ಲೀ. 20 ಲೀಟರಿಗೆ 0.8 ಗ್ರಾಂ ಸೋಡಾಕ್ಕೆ ಸಮ. ಸಾಮಾನ್ಯವಾಗಿ ಒಂದೆರಡು ಮಿ.ಲೀ.ಗೆ ಮೊನಚು ಇಳಿದು ಚಾಕೊಲೇಟ್ ರುಚಿ ಮೇಲೆ ಬರುತ್ತದೆ. ಪಿಎಚ್ 4.5 ದಾಟಿಸಬೇಡಿ; ಬಿಯರ್ ಸಪ್ಪೆಯಾಗುತ್ತದೆ, ಕೆಡುವ ಅಪಾಯವೂ ಹೆಚ್ಚುತ್ತದೆ. ಗ್ಯಾಸ್ ತುಂಬಿದ ಪೀಪಾಯಿಗೆ ಒಮ್ಮೆಗೇ ಸುರಿದರೆ ಉಕ್ಕಿ ಹೊರಬರುತ್ತದೆ, ಗ್ಯಾಸ್ ತುಂಬುವ ಮೊದಲೇ ಸೇರಿಸಿ.

ಗುರುತ್ವ ಬರಲಿಲ್ಲ

ಇದು ಕಪ್ಪು ಧಾನ್ಯದ ಬದಲಿಯಿಂದ ಬರುವ ದೋಷವಲ್ಲ. ಪೇಲ್ ಮಾಲ್ಟ್ ಸಿಗದೆ ಬೇರೆ ಮೂಲ ಮಾಲ್ಟ್ ಹಾಕಿದಾಗ, ಅಥವಾ ಮೂಲ ಮಾಲ್ಟ್ ಕಡಿಮೆ ಮಾಡಿ ಫ್ಲೇಕ್ಸ್ ಏರಿಸಿದಾಗ ಆಗುತ್ತದೆ. ಕ್ರಿಸ್ಟಲ್, ಹುರಿದ ಧಾನ್ಯ, ಫ್ಲೇಕ್ಸ್ ಇವಕ್ಕೆ ಕಿಣ್ವ ಇಲ್ಲ. ಇಡೀ ಮ್ಯಾಶ್‌ನ ಪಿಷ್ಟವನ್ನು ಮೂಲ ಮಾಲ್ಟ್ ಒಂದೇ ಒಡೆಯಬೇಕು.

ಕಿಣ್ವಶಕ್ತಿಯನ್ನು ಲಿಂಟ್ನರ್ ಡಿಗ್ರಿಯಲ್ಲಿ ಅಳೆಯುತ್ತಾರೆ. ಅಮೆರಿಕದ ಟೂ-ರೋ ಪೇಲ್ ಮಾಲ್ಟ್ ಸುಮಾರು 140, ಬ್ರಿಟಿಷ್ ಪೇಲ್ ಮಾಲ್ಟ್ 50ರ ಆಸುಪಾಸು, ತಿಳಿ ಮ್ಯೂನಿಕ್ 40, ಕಡು ಮ್ಯೂನಿಕ್ 25. ಎಲ್ಲ ಧಾನ್ಯದ ಸರಾಸರಿ 35ಕ್ಕಿಂತ ಕೆಳಗಿಳಿಯದಂತೆ ನೋಡಿಕೊಂಡರೆ ನಿಶ್ಚಿಂತೆ. ನಮ್ಮ ರೆಸಿಪಿಯಲ್ಲಿ 3 ಕೆ.ಜಿ. ಬ್ರಿಟಿಷ್ ಪೇಲ್ ಇದ್ದಾಗ 150 ಭಾಗಿಸು 4.25, ಅಂದರೆ ಸರಿಯಾಗಿ 35. ಅದನ್ನು ಪೂರ್ತಿ ಕಡು ಮ್ಯೂನಿಕ್‌ಗೆ ಬದಲಿಸಿದರೆ ಸರಾಸರಿ 18ಕ್ಕೆ ಬಿದ್ದು ಪಿಷ್ಟ ಪಿಷ್ಟವಾಗಿಯೇ ಉಳಿಯುತ್ತದೆ. 2 ಕೆ.ಜಿ. ಕಡು ಮ್ಯೂನಿಕ್ ಮತ್ತು 1 ಕೆ.ಜಿ. ಟೂ-ರೋ ಹಾಕಿದರೆ 45, ತೊಂದರೆಯಿಲ್ಲ.

ಪಿಷ್ಟ ಉಳಿದಿದೆಯೇ ಎಂದು ಅಯೋಡಿನ್‌ನಿಂದ ನೋಡುವುದು ಕಪ್ಪು ಮ್ಯಾಶ್‌ನಲ್ಲಿ ಕಷ್ಟ. ಕಪ್ಪಿನ ಮೇಲೆ ನೀಲಿ ಕಾಣುವುದಿಲ್ಲ, ಸಿಪ್ಪೆಯ ತುಣುಕು ಇದ್ದರೆ ಯಾವಾಗಲೂ ಕಪ್ಪಾಗಿ ದಾರಿ ತಪ್ಪಿಸುತ್ತದೆ. ಒಳ್ಳೆಯ ಉಪಾಯವೆಂದರೆ ಪೇಲ್ ಮಾಲ್ಟ್ ಮತ್ತು ಫ್ಲೇಕ್ಸ್ ಮಾತ್ರ ಮೊದಲು ಮ್ಯಾಶ್ ಮಾಡಿ, ಬಿಳಿ ತಟ್ಟೆಯ ಮೇಲೆ ಒಂದು ಹನಿ ತಿಳಿ ರಸಕ್ಕೆ ಅಯೋಡಿನ್ ಬಿಟ್ಟು, ಅದು ಕಂದಾಗಿಯೇ ಉಳಿದ ಮೇಲೆ ಹುರಿದ ಧಾನ್ಯವನ್ನು ಕೊನೆಯ 10–15 ನಿಮಿಷಕ್ಕೆ ಸೇರಿಸುವುದು. ಸೀದ ಕಹಿಯೂ ಇದರಿಂದ ತಗ್ಗುತ್ತದೆ. ಒಂದು ಎಚ್ಚರ: ಹುರಿದ ಧಾನ್ಯದ ಆಮ್ಲ ಮೊದಲ ಹಂತದಲ್ಲಿ ಇರುವುದಿಲ್ಲವಾದ್ದರಿಂದ ಗಡಸು ನೀರಿದ್ದರೆ ಪಿಎಚ್ ಮೇಲಕ್ಕೆ ಹೋಗುತ್ತದೆ. ಆಗ ಸೋಡಾ ಅಲ್ಲ, ಲ್ಯಾಕ್ಟಿಕ್ ಆಮ್ಲ ಬೇಕಾದೀತು.

ಪೋರ್ಟರ್ ಎಂಬ ಇಂಗ್ಲೆಂಡಿನ ಕಂದುಗಪ್ಪು ಬಿಯರ್‌ನ ಹಳೆಯ ರೆಸಿಪಿ ಇಟ್ಟುಕೊಂಡವರು ಬೀಳುವ ಗುಂಡಿಯೊಂದಿದೆ. ಡೇನಿಯಲ್ ವೀಲರ್ 1817ರಲ್ಲಿ ಮಾಲ್ಟ್ ಹುರಿಯುವ ಉರುಳೆಗೆ ಪೇಟೆಂಟ್ ಪಡೆದು ಬ್ಲ್ಯಾಕ್ ಮಾಲ್ಟ್ ಬರುವ ಮೊದಲು ಪೋರ್ಟರ್ ನಿಂತಿದ್ದು ಬ್ರೌನ್ ಮಾಲ್ಟ್ ಮೇಲೆ. ಆಗಿನ ಬ್ರೌನ್ ಮಾಲ್ಟ್ ತನ್ನ ಪಿಷ್ಟವನ್ನು ತಾನೇ ಒಡೆಯುವಂಥದ್ದು. ಇಂದಿನ ಬ್ರೌನ್ ಮಾಲ್ಟ್‌ಗೆ ಕಿಣ್ವವಿಲ್ಲ. ರೆಸಿಪಿ ಮುಕ್ಕಾಲು ಪಾಲು ಬ್ರೌನ್ ಮಾಲ್ಟ್ ಕೇಳಿದರೆ ಅದನ್ನು ಶೇ. 20ಕ್ಕೆ ಇಳಿಸಿ ಉಳಿದದ್ದು ಪೇಲ್ ಹಾಕಿ. ಬ್ರೌನ್ ಮಾಲ್ಟೇ ಸಿಗದಿದ್ದರೆ ಒಂಬತ್ತು ಪಾಲು ಆಂಬರ್ (25), ಒಂದು ಪಾಲು ಚಾಕೊಲೇಟ್ (430): ಸರಾಸರಿ 65 ಬಂದು ಬಣ್ಣ ಸರಿಹೊಂದುತ್ತದೆ, ರುಚಿಯೂ ಹತ್ತಿರ ಬರುತ್ತದೆ.

ಮಾಲ್ಟ್ ಎಕ್ಸ್‌ಟ್ರಾಕ್ಟ್ (ಮಾಲ್ಟ್ ರಸವನ್ನು ಇಂಗಿಸಿದ ಪಾಕ ಅಥವಾ ಪುಡಿ) ಬಳಸುವವರಿಗೆ ಇದೇ ದೋಷ ಇನ್ನೊಂದು ರೂಪದಲ್ಲಿ ಬರುತ್ತದೆ. ಕ್ರಿಸ್ಟಲ್ ಮತ್ತು ಹುರಿದ ಧಾನ್ಯವನ್ನು ಬಿಸಿನೀರಲ್ಲಿ ನೆನೆಸಿ ಸೋಸಿದರೆ ಸಾಕು. ಮ್ಯೂನಿಕ್, ಆಂಬರ್, ಬ್ರೌನ್, ಫ್ಲೇಕ್ಸ್ ಇವನ್ನು ಹಾಗೆ ನೆನೆಸಿದರೆ ಬರುವುದು ಗಂಜಿ. ಇವುಗಳಷ್ಟೇ ತೂಕದ ಪೇಲ್ ಮಾಲ್ಟ್ ಸೇರಿಸಿ 66–67 ಡಿಗ್ರಿಯಲ್ಲಿ 45 ನಿಮಿಷವಾದರೂ ಇಡಬೇಕು.

ತೆಳು, ನೊರೆಯಿಲ್ಲ

ಬಾರ್ಲಿ ಫ್ಲೇಕ್ಸ್ ಬಿಟ್ಟುಬಿಟ್ಟರೆ ಹೀಗಾಗುತ್ತದೆ. ಅದರ ಬದಲಿಗೆ ಓಟ್ಸ್ ಅಥವಾ ಗೋಧಿ ಫ್ಲೇಕ್ಸ್ ಅಷ್ಟೇ ತೂಕಕ್ಕೆ ಹಾಕಬಹುದು, ಆದರೆ ಒಂದೇ ಫಲ ಬರುವುದಿಲ್ಲ. ಓಟ್ಸ್ ರೇಷ್ಮೆಯಂಥ ನುಣುಪು ಕೊಡುತ್ತದೆ. ಅದರ ಎಣ್ಣೆ ನೊರೆಗೆ ಒಳ್ಳೆಯದಲ್ಲ. ಗೋಧಿ ನೊರೆ ಕೊಡುತ್ತದೆ, ಮಂದತನ ಅಷ್ಟಾಗಿ ಇಲ್ಲ. ಅರ್ಧರ್ಧ ಹಾಕುವುದು ಉತ್ತಮ.

ಓಟ್ಸ್ ಯಾವ ರೂಪದ್ದು ಎಂಬುದು ಮುಖ್ಯ. ಬೇಗ ಬೇಯುವ ಚಪ್ಪಟೆ ಓಟ್ಸ್‌ನ ಪಿಷ್ಟ ಆಗಲೇ ಅರಳಿರುತ್ತದೆ, ನೇರ ಮ್ಯಾಶ್‌ಗೆ ಹಾಕಬಹುದು. ಇಡೀ ಕಾಳು, ತುಂಡು ಓಟ್ಸ್, ಸಿಪ್ಪೆ ತೆಗೆದ ಬಾರ್ಲಿ ಇವನ್ನು ನುಚ್ಚು ಮಾಡಿ, ಮೂರ್ನಾಲ್ಕು ಪಟ್ಟು ನೀರಿನಲ್ಲಿ ಅಡಿ ಹಿಡಿಯದಂತೆ ಕೈಯಾಡಿಸುತ್ತ 20–30 ನಿಮಿಷ ಬೇಯಿಸಿ, ಆ ಗಂಜಿಯನ್ನು ಮ್ಯಾಶ್‌ಗೆ ಸುರಿಯಬೇಕು. ಗಂಜಿ ಕುದಿಯುತ್ತಿರುವಾಗಲೇ ಸುರಿದರೆ ಮ್ಯಾಶ್ 70 ದಾಟಿ ಕಿಣ್ವ ಸಾಯುತ್ತದೆ. ಸ್ವಲ್ಪ ಸ್ವಲ್ಪವಾಗಿ, ಥರ್ಮಾಮೀಟರ್ ನೋಡುತ್ತ ಸುರಿಯಿರಿ. ಉಪ್ಪು, ಸಕ್ಕರೆ, ಪರಿಮಳ ಸೇರಿಸಿದ ಉಪಾಹಾರದ ಓಟ್ಸ್ ಬೇಡವೇ ಬೇಡ.

ಫ್ಲೇಕ್ಸ್ ಏನೂ ಸಿಗದಿದ್ದರೆ ಮ್ಯಾಶ್ ಬಿಸಿಯನ್ನು 66ರಿಂದ 68–69ಕ್ಕೆ ಏರಿಸಿ. ಹುದುಗದ ಸಕ್ಕರೆ ಹೆಚ್ಚಾಗಿ ಮಂದತನ ಬರುತ್ತದೆ. ಬಾಟಲಿಗೆ ಹೋಗುವ ಮೊದಲು ತೆಳುವೆಂದು ಗೊತ್ತಾದರೆ 200 ಗ್ರಾಂ ಮಾಲ್ಟೋಡೆಕ್ಸ್‌ಟ್ರಿನ್ ಅನ್ನು ಅರ್ಧ ಲೀಟರ್ ನೀರಿನಲ್ಲಿ ಹತ್ತು ನಿಮಿಷ ಕುದಿಸಿ ತಣಿಸಿ 20 ಲೀಟರಿಗೆ ಸೇರಿಸಿ. ಗುರುತ್ವ ಸುಮಾರು 0.004 ಏರುತ್ತದೆ. ಡಯಾಸ್ಟಾಟಿಕಸ್ ಜಾತಿಯ ಯೀಸ್ಟ್ ಅಥವಾ ಬ್ರೆಟ್ (ಬ್ರೆಟನೊಮೈಸಿಸ್ ಎಂಬ ಕಾಡು ಯೀಸ್ಟ್) ಬಳಸಿದ ಬಿಯರ್‌ಗೆ ಇದನ್ನು ಹಾಕಬೇಡಿ. ಅವು ಡೆಕ್ಸ್‌ಟ್ರಿನ್ ಅನ್ನೂ ತಿಂದು ಬಾಟಲಿ ಸಿಡಿಸುತ್ತವೆ. ಮಿಲ್ಕ್ ಸ್ಟೌಟ್‌ನ ಲ್ಯಾಕ್ಟೋಸ್‌ಗೆ ಮಾಲ್ಟೋಡೆಕ್ಸ್‌ಟ್ರಿನ್ ಅರ್ಧ ಬದಲಿ ಮಾತ್ರ: ಮಂದತನ ಬರುತ್ತದೆ, ಸಿಹಿ ಬರುವುದಿಲ್ಲ.

ಫ್ಲೇಕ್ಸ್ ಶೇ. 15 ದಾಟಿದಾಗ ಸೋಸುವುದು ನಿಧಾನವಾಗಿ ಕೊನೆಗೆ ನಿಂತೇಹೋಗಬಹುದು. ಸಿಪ್ಪೆಯಿಲ್ಲದ ಗೋಧಿ ಮಾಲ್ಟನ್ನು ಮೂಲ ಮಾಲ್ಟ್‌ಗೆ ಬದಲಿಯಾಗಿ ಹಾಕಿದಾಗಲೂ ಇದೇ ಪಾಡು. ಒಟ್ಟು ತೂಕದ ಶೇ. 3–5ರಷ್ಟು ಭತ್ತದ ಹೊಟ್ಟನ್ನು ತೊಳೆದು ಮೊದಲೇ ಬೆರೆಸಿ. ನಿಂತ ಮೇಲಾದರೆ ನಲ್ಲಿ ಮುಚ್ಚಿ, ಮ್ಯಾಶನ್ನು 75–76 ಡಿಗ್ರಿಗೆ ಬಿಸಿ ಮಾಡಿ, ಮೇಲಿಂದ ತಳದವರೆಗೆ ಕಲಸಿ, ಹತ್ತು ನಿಮಿಷ ಕೂರಲು ಬಿಟ್ಟು ನಲ್ಲಿಯನ್ನು ಕೊಂಚವೇ ತೆರೆಯಿರಿ.

ಸಿಹಿ ಉಳಿಯಿತು

ಕ್ರಿಸ್ಟಲ್ 60 (ಸಂಖ್ಯೆ ಲೊವಿಬಾಂಡ್ ಬಣ್ಣದ್ದು) ಇಲ್ಲದಿದ್ದರೆ 40 ಮತ್ತು 80 ಅರ್ಧರ್ಧ ಹಾಕಿ. ಇದು ಅತಿ ಸುಲಭದ, ಅತಿ ಸುರಕ್ಷಿತ ಬದಲಿ. ಕೆಡುವುದು ಎಲ್ಲಿ ಎಂದರೆ 120ರ ಬಣ್ಣ ತರಲು 40 ಅನ್ನು ಮೂರು ಪಟ್ಟು ಹಾಕಿದಾಗ. ಬಣ್ಣ ಸರಿಯಾಗುತ್ತದೆ, ಹುದುಗದ ಸಕ್ಕರೆಯೂ ಮೂರು ಪಟ್ಟಾಗುತ್ತದೆ. ಕ್ರಿಸ್ಟಲ್‌ನ ತೂಕ ಮೂಲದಷ್ಟೇ ಇರಲಿ, ಕಡಿಮೆಯಾದ ಬಣ್ಣವನ್ನು ಕೆಲವೇ ಗ್ರಾಂ ಚಾಕೊಲೇಟ್ ಮಾಲ್ಟ್‌ನಿಂದ ತುಂಬಿ. 300 ಗ್ರಾಂ ಕ್ರಿಸ್ಟಲ್ 120 ಎಂದರೆ 36; 300 ಗ್ರಾಂ ಕ್ರಿಸ್ಟಲ್ 80 ಎಂದರೆ 24; ಉಳಿದ 12ಕ್ಕೆ 400ರ ಚಾಕೊಲೇಟ್ 30 ಗ್ರಾಂ ಸಾಕು. ಸ್ಪೆಷಲ್ ಬಿ ಎಂಬ ಕಡು ಬೆಲ್ಜಿಯನ್ ಮಾಲ್ಟ್ ಕೊಡುವ ಒಣದ್ರಾಕ್ಷಿಯ ರುಚಿ ಮಾತ್ರ ಹೀಗೆ ಬರುವುದಿಲ್ಲ. ಅದಕ್ಕೆ ಹತ್ತಿರದ ಬದಲಿ ಕ್ರಿಸ್ಟಲ್ 120.

ಗುರುತ್ವ ಮೇಲೇ ನಿಂತಿದ್ದರೆ ಅದು ಧಾನ್ಯದ ಕಾರಣವೋ ಯೀಸ್ಟ್‌ನದ್ದೋ ತಿಳಿಯಲು ಒಂದು ಗ್ಲಾಸು ಬಿಯರ್‌ಗೆ ಒಣ ಬ್ರೆಡ್ ಯೀಸ್ಟ್ ಧಾರಾಳವಾಗಿ ಹಾಕಿ, ಬೆಚ್ಚಗಿನ ಜಾಗದಲ್ಲಿ ಎರಡು ಮೂರು ದಿನ ಆಗಾಗ ಅಲುಗಿಸುತ್ತ ಇಡಿ. ಗ್ಲಾಸಿನಲ್ಲಿ ಗುರುತ್ವ ಇಳಿದರೆ ನಿಮ್ಮ ಯೀಸ್ಟ್ ಅರ್ಧದಲ್ಲಿ ನಿಂತಿದೆ. ಇಳಿಯದಿದ್ದರೆ ಹುದುಗಲು ಇನ್ನೇನೂ ಉಳಿದಿಲ್ಲ. ಅಳೆಯಲು ಹೈಡ್ರೋಮೀಟರ್ ಬಳಸಿ. ಆಲ್ಕೋಹಾಲ್ ಇರುವಾಗ ರಿಫ್ರ್ಯಾಕ್ಟೋಮೀಟರ್ ಹೆಚ್ಚು ತೋರಿಸುತ್ತದೆ.

ಬಣ್ಣವಿದೆ, ರುಚಿಯಿಲ್ಲ

ಕರಾಫಾ ಸ್ಪೆಷಲ್ ಅಥವಾ ಬಣ್ಣದ ದ್ರಾವಣದಿಂದಲೇ ಸ್ಟೌಟ್ ಮಾಡಿದರೆ ಕಣ್ಣು ಮುಚ್ಚಿ ಕುಡಿದವರಿಗೆ ಅದು ಸ್ಟೌಟ್ ಎಂದು ಗೊತ್ತಾಗುವುದಿಲ್ಲ. ಶ್ವಾರ್ಟ್ಸ್‌ಬಿಯರ್ ಎಂಬ ಜರ್ಮನಿಯ ಕಪ್ಪು ಬಿಯರ್‌ಗೆ ಆ ಮೆದುತನವೇ ಬೇಕು, ಸ್ಟೌಟ್‌ಗೆ ಸಾಲದು. ಹುದುಗುವಿಕೆ ಮುಗಿದ ಮೇಲೂ ಇದನ್ನು ಸರಿಪಡಿಸಬಹುದು: 100 ಗ್ರಾಂ ಚಾಕೊಲೇಟ್ ಮಾಲ್ಟ್ ಅಥವಾ ರೋಸ್ಟೆಡ್ ಬಾರ್ಲಿಯನ್ನು ತರಿಯಾಗಿ ಒಡೆದು, ಅರ್ಧ ಲೀಟರ್ ತಣ್ಣೀರಿನಲ್ಲಿ ಫ್ರಿಜ್‌ನೊಳಗೆ 12–18 ಗಂಟೆ ನೆನೆಸಿ, ಸೋಸಿ, ಹತ್ತು ನಿಮಿಷ ಕುದಿಸಿ ತಣಿಸಿ. ಕುದಿಸುವುದನ್ನು ಬಿಡಬೇಡಿ, ಧಾನ್ಯದ ಮೈಮೇಲೆ ಲ್ಯಾಕ್ಟೋಬ್ಯಾಸಿಲಸ್ ಇರುತ್ತದೆ. 250 ಮಿ.ಲೀ. ಬಿಯರ್‌ಗೆ ಒಂದೊಂದೇ ಮಿ.ಲೀ. ಹಾಕಿ ರುಚಿ ನೋಡಿ. ಗ್ಲಾಸಿನ 1 ಮಿ.ಲೀ. ಎಂದರೆ 20 ಲೀಟರಿಗೆ 80 ಮಿ.ಲೀ. ಸೇರಿಸಿದ ಮೇಲೆ ಮೂರ್ನಾಲ್ಕು ದಿನ ಬಿಟ್ಟು ಬಾಟಲಿಗೆ ತುಂಬಿ.

ಸುರಿಯುವ ಮೊದಲು ಕಷಾಯ ಪರೀಕ್ಷೆ

ಮೇಲಿನ ಅರ್ಧದಷ್ಟು ದೋಷಗಳನ್ನು ಮ್ಯಾಶ್‌ಗೆ ಮೊದಲೇ ಹಿಡಿಯಬಹುದು. ಪರೀಕ್ಷಿಸಬೇಕಾದ ಹುರಿದ ಧಾನ್ಯ 7.5 ಗ್ರಾಂ, ಪೇಲ್ ಮಾಲ್ಟ್ 42.5 ಗ್ರಾಂ ಒಟ್ಟಿಗೆ ಪುಡಿ ಮಾಡಿ ಥರ್ಮಾಸ್‌ಗೆ ಹಾಕಿ. 65 ಡಿಗ್ರಿಯ 400 ಮಿ.ಲೀ. ನೀರು ಸುರಿದು, ಇಪ್ಪತ್ತು ಸೆಕೆಂಡು ಕುಲುಕಿ, 15 ನಿಮಿಷ ಬಿಟ್ಟು ಕಾಗದದ ಫಿಲ್ಟರ್‌ನಲ್ಲಿ ಸೋಸಿ. ಕ್ರಿಸ್ಟಲ್ ಪರೀಕ್ಷಿಸುವುದಾದರೆ 25 ಗ್ರಾಂ, 25 ಗ್ರಾಂ. ಮೂಲ ಧಾನ್ಯದ್ದು ಒಂದು ಹಿಡಿಯಾದರೂ ಉಳಿದಿದ್ದರೆ ಎರಡನ್ನೂ ಪಕ್ಕಪಕ್ಕ ಮಾಡಿ ರುಚಿ ನೋಡಿ. ಬೂದಿ, ಒಗರು, ಹಳಸಲು ಎಲ್ಲ ಇಲ್ಲಿಯೇ ಗೊತ್ತಾಗುತ್ತದೆ.

ಮನೆಯಲ್ಲೇ ಹುರಿದದ್ದು ಕೈಕೊಟ್ಟಾಗ

ಪೇಲ್ ಮಾಲ್ಟ್ ಇದ್ದರೆ ಆಂಬರ್, ಬ್ರೌನ್ ಮಾಲ್ಟ್ ಎರಡನ್ನೂ ಓವನ್‌ನಲ್ಲಿ ಮಾಡಿಕೊಳ್ಳಬಹುದು. ಪುಡಿ ಮಾಡದ ಕಾಳನ್ನು ತಟ್ಟೆಯಲ್ಲಿ ಒಂದೂವರೆ ಸೆಂ.ಮೀ. ಮೀರದಂತೆ ಹರಡಿ 175 ಡಿಗ್ರಿಯಲ್ಲಿ ಇಡಿ. ಹದಿನೈದು ನಿಮಿಷಕ್ಕೆ ಕಡಲೆಬೀಜದ ಪರಿಮಳ, ಅರ್ಧ ಗಂಟೆಗೆ ಟೋಸ್ಟ್, ಒಂದು ಗಂಟೆಗೆ ಬ್ರೌನ್ ಮಾಲ್ಟ್. ಹತ್ತು ನಿಮಿಷಕ್ಕೊಮ್ಮೆ ಕೈಯಾಡಿಸಿ. ಬಣ್ಣವನ್ನು ಹೊರಗಿನಿಂದ ನೋಡಬೇಡಿ, ಕಾಳನ್ನು ಅಡ್ಡ ಕತ್ತರಿಸಿ ಒಳಗಿನ ಹಿಟ್ಟು ನೋಡಿ. ಹೊರಗೆ ಕಂದಾಗಿ ಒಳಗೆ ಬಿಳಿ ಇದ್ದರೆ ಬಿಸಿ ಹೆಚ್ಚಾಗಿದೆ, ಹೊತ್ತು ಸಾಲದಾಗಿದೆ.

ಕ್ರಿಸ್ಟಲ್ ಮಾಡಲು ಕಾಳನ್ನು ಕ್ಲೋರಿನ್ ಇಲ್ಲದ ನೀರಿನಲ್ಲಿ ಒಂದು ದಿನ ನೆನೆಸಿ, ಬಸಿದು, ಮುಚ್ಚಿದ ಪಾತ್ರೆಯಲ್ಲಿ 65–70 ಡಿಗ್ರಿಯಲ್ಲಿ ಒಂದೂವರೆ ಗಂಟೆ ಇಡಿ. ಕಾಳನ್ನು ಹಿಚುಕಿದಾಗ ಸಿಹಿ ರಸ ಬರಬೇಕು. ಬಾರದಿದ್ದರೆ ಹುರಿಯಲು ಹೋಗಬೇಡಿ, ಇನ್ನೂ ಅರ್ಧ ಗಂಟೆ ಇಡಿ. ಆಮೇಲೆ 120 ಡಿಗ್ರಿಯಲ್ಲಿ ಒಣಗಿಸಿ, ಬೇಕಾದ ಬಣ್ಣಕ್ಕೆ 150–175ರಲ್ಲಿ ಹುರಿಯಿರಿ.

ಮನೆಯಲ್ಲಿ ಹುರಿದ ಮಾಲ್ಟ್ ಹಾಕಿದ ಬಿಯರ್‌ನಲ್ಲಿ ಗಂಟಲು ಕೆರೆಯುವ ಹೊಗೆಯಂಥ ಘಾಟು ಬಂದರೆ ಕಾರಣ ಬಹುಪಾಲು ಅವಸರ. ಹುರಿದ ದಿನವೇ ಬಳಸಬಾರದು; ಕಾಗದದ ಚೀಲದಲ್ಲಿ ಒಂದೆರಡು ವಾರ ಬಿಟ್ಟರೆ ಘಾಟು ಹಾರಿಹೋಗುತ್ತದೆ.

ಮಾಲ್ಟ್ ಮಾಡದ ಬಾರ್ಲಿಯನ್ನು ಕಪ್ಪಾಗಿ ಹುರಿದು ರೋಸ್ಟೆಡ್ ಬಾರ್ಲಿ ಮಾಡುವುದೂ ಸಾಧ್ಯ, ಆದರೆ ಅದಕ್ಕೆ 220–230 ಡಿಗ್ರಿ ಬೇಕು. ದಟ್ಟ ಹೊಗೆ ಬರುತ್ತದೆ, ಕೊನೆಯ ಕೆಲವು ನಿಮಿಷಗಳಲ್ಲಿ ಕಾಳು ಹೊತ್ತಿಕೊಳ್ಳುವ ಅಪಾಯವಿದೆ. ಕಿಟಕಿ ತೆರೆದಿಡಿ, ಓವನ್ ಬಿಟ್ಟು ಕದಲಬೇಡಿ, ನೀರು ಚಿಮುಕಿಸುವ ಬಾಟಲಿ ಕೈಯಲ್ಲಿರಲಿ. ಕಾಳು ಪೂರ್ತಿ ಕಪ್ಪಾಗುವ ಮೊದಲೇ, ಒಡೆದಾಗ ಒಳಗೆ ಕಡು ಕೆಂಗಂದು ಇರುವಾಗಲೇ ಹೊರತೆಗೆದು ಲೋಹದ ತಟ್ಟೆಗೆ ತೆಳ್ಳಗೆ ಸುರಿಯಿರಿ. ತನ್ನ ಬಿಸಿಗೆ ತಾನೇ ಇನ್ನೊಂದು ಹದ ಮುಂದೆ ಹೋಗುತ್ತದೆ. ಇದರ ಲೊವಿಬಾಂಡ್ ಸಂಖ್ಯೆ ಯಾವ ಚೀಲದ ಮೇಲೂ ಇರುವುದಿಲ್ಲವಾದ್ದರಿಂದ, ಕೊಂಡ ಚಾಕೊಲೇಟ್ ಮಾಲ್ಟ್‌ನ ಕಷಾಯವನ್ನೂ ಇದರದ್ದನ್ನೂ ಒಂದೇ ಅಳತೆಯ ಎರಡು ತೆಳು ಗ್ಲಾಸಿಗೆ ಸುರಿದು ಬೆಳಕಿಗೆ ಹಿಡಿಯಿರಿ. ಕಡುವಾಗಿರುವುದಕ್ಕೆ ಎರಡೂ ಸಮವಾಗುವವರೆಗೆ ಅಳೆದು ನೀರು ಬೆರೆಸಿ. 100 ಮಿ.ಲೀ. ಕಷಾಯಕ್ಕೆ 25 ಮಿ.ಲೀ. ನೀರು ಹಿಡಿದರೆ ನಿಮ್ಮ ಬಾರ್ಲಿ ಚಾಕೊಲೇಟ್‌ನ ಒಂದೂಕಾಲು ಪಟ್ಟು ಕಡು, 400ಕ್ಕೆ 500. ಆ ಸಂಖ್ಯೆಯನ್ನೂ ಹುರಿದ ತಾರೀಖನ್ನೂ ಡಬ್ಬಿಯ ಮೇಲೆ ಬರೆದು ಅಂಟಿಸಿ.